ಕೇಳಿಸ್ತಾ ಇದೆಯಾ ಸಾರ್?

ಈಗಿನ ಸಭೆಗಳಿಗೆ ಸ್ವಾಗತ ಭಾಷಣ ಬೇಕಿಲ್ಲ. ‘ಹಲೋ, ಹಲೋ, ನನ್ನ ಮಾತು ಕೇಳಿಸ್ತಾ ಇದೆಯಾ?’ ಎಂದು ಒಬ್ಬರು ಶುರು ಮಾಡಿದರೆ ಉದ್ಘಾಟನೆ ಆಯಿತೆಂದೇ ಲೆಕ್ಕ. ಉಳಿದವರೆಲ್ಲ ಒಕ್ಕೊರಲಿನಿಂದ ‘ಕೇಳಿಸ್ತಾ ಇದೆ, ಕೇಳಿಸ್ತಾ ಇದೆ’ ಎನ್ನುತ್ತಾರೆ. ಆ ಉತ್ತರ ಕೇಳಿಸದವರು ಒಬ್ಬರೇ, ಪ್ರಶ್ನೆ ಹಾಕಿದವರು. ಆದ್ದರಿಂದ ಅವರು ಇನ್ನೂ ಜೋರಾಗಿ, ಈ ಸಲ ಮುಖವನ್ನು ಕ್ಯಾಮೆರಾದೊಳಕ್ಕೇ ತೂರಿಸಿ, ಅದನ್ನೇ ಕೇಳುತ್ತಾರೆ. ನಮಗೆ ಅವರ ಹಣೆ, ಒಂದು ಹುಬ್ಬು, ಹಿಂದೆ ತಿರುಗುವ ಸೀಲಿಂಗ್ ಫ್ಯಾನು ಕಾಣುತ್ತದೆ. ಯಾರೋ ಪುಣ್ಯಾತ್ಮರು ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ಅದನ್ನು ಅನುಮತಿ ಎಂದು ತಿಳಿದು ಅವರು ಕಳೆದ ತಿಂಗಳ ವರದಿ ಓದಲು ತೊಡಗುತ್ತಾರೆ. ಇನ್ನು ಅವರನ್ನು ನಿಲ್ಲಿಸಲು ಬ್ರಹ್ಮನಿಂದಲೂ ಆಗದು. ಅವರಿಗೆ ಕೇಳಿಸುವುದೇ ಇಲ್ಲವಲ್ಲ!

ಇನ್ನೊಂದು ಪಂಗಡದವರು ಮ್ಯೂಟ್‌ನಲ್ಲಿದ್ದುಕೊಂಡೇ ಪೂರ್ತಿ ಭಾಷಣ ಮುಗಿಸುವವರು. ಕೈ ಬೀಸುತ್ತಾರೆ, ಮೇಜು ಗುದ್ದುತ್ತಾರೆ, ತಮ್ಮ ಜೋಕಿಗೆ ತಾವೇ ನಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅವರಲ್ಲಿ ಕೆಲವರ ಭಾಷಣಕ್ಕೆ ಅದೇ ಸರಿಯಾದ ರೂಪ. ಆದರೆ ಪ್ರತಿ ಸಭೆಯಲ್ಲೂ ಒಬ್ಬ ಪ್ರಾಮಾಣಿಕ ಇದ್ದೇ ಇರುತ್ತಾನೆ. ‘ಸಾರ್, ಮ್ಯೂಟ್‌ನಲ್ಲಿದ್ದೀರಿ’ ಎಂದುಬಿಡುತ್ತಾನೆ. ‘ಓ, ಹೌದಾ? ಹಾಗಾದರೆ ಮೊದಲಿಂದ ಹೇಳ್ತೀನಿ’ ಎನ್ನುತ್ತಾರೆ ಸಾರ್. ಅವತ್ತು ಆ ಪ್ರಾಮಾಣಿಕನಿಗೆ ಎಷ್ಟು ಜನರ ಶಾಪ ತಟ್ಟುತ್ತದೋ!

ಏನೇ ಎಡವಟ್ಟಾದರೂ ಕೊನೆಗೆ ಬರುವ ತೀರ್ಪು ಒಂದೇ: ‘ನೆಟ್‌ವರ್ಕ್ ಸರಿ ಇಲ್ಲ.’ ಹಿಂದೆ ಆಫೀಸಿಗೆ ತಡವಾದರೆ ಬಸ್ಸು ಕೆಡುತ್ತಿತ್ತು. ರಜೆ ಬೇಕಾದರೆ ಊರಲ್ಲಿ ಅಜ್ಜಿ ತೀರಿಕೊಳ್ಳುತ್ತಿದ್ದರು, ಕೆಲವರ ಅಜ್ಜಿಯಂತೂ ಪ್ರತಿ ಹಬ್ಬದ ಮುಂಚೆ. ಈಗ ಆ ಹಿರಿಯ ಜೀವಗಳಿಗೆ ವಿಶ್ರಾಂತಿ ಸಿಕ್ಕಿದೆ, ನೆಟ್‌ವರ್ಕ್ ಹೋಗುತ್ತದೆ. ಅದು ಹೋಗುವ ಗಳಿಗೆಯೂ ವಿಶೇಷವೇ. ‘ಈ ಕೆಲಸ ಯಾರು ವಹಿಸಿಕೊಳ್ತೀರಿ?’ ಎಂದು ಕೇಳಿದ ತಕ್ಷಣ ನಾಲ್ಕು ಮುಖ ಕಲ್ಲಾಗುತ್ತವೆ. ಅದರಲ್ಲಿ ಒಂದು ಕಲ್ಲು ಮಾತ್ರ ಕಣ್ಣು ಮಿಟುಕಿಸುತ್ತಿರುತ್ತದೆ.

‘ನೆಟ್‌ವರ್ಕ್ ಇಲ್ಲ’ ಎನ್ನುವ ಮಾತಿನ ನಿಜವಾದ ಹಕ್ಕುದಾರರು ಬೇರೆ ಇದ್ದಾರೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದಿಂದ ಬಂದ ಫೋಟೊ ನೆನಪಿರಬಹುದು. ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಹುಡುಗಿ ಎಸ್ಸೆಸ್ಸೆಲ್ಸಿ ಪಾಠ ಕೇಳುತ್ತಿದ್ದಳು, ಅಪ್ಪ ಕೊಡೆ ಹಿಡಿದು ನಿಂತಿದ್ದ. ಮಲೆನಾಡು, ಕರಾವಳಿಯ ಎಷ್ಟೋ ಊರುಗಳಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತಿದವರಿದ್ದಾರೆ. ಅವರು ಹೇಳಿದರೆ ತಲೆಬಾಗಿ ಕೇಳೋಣ. ಜಯನಗರದಲ್ಲಿ ಫೈಬರ್ ಹಾಕಿಸಿಕೊಂಡು ಸೋಫಾದ ಮೇಲೆ ಕಾಲು ಚಾಚಿದವರು ಹೇಳಿದರೆ, ‘ನಿಮ್ಮ ರೂಟರ್ ಎಲ್ಲಿದೆ ಸ್ವಾಮಿ?’ ಎಂದು ಕೇಳುವ ಹಕ್ಕು ನಮಗಿದೆ.

ಯಾಕೆಂದರೆ ರೂಟರ್ ಎಲ್ಲಿರಬೇಕೆಂದು ನಿರ್ಧರಿಸಿದವರು ಮನೆಯವರಲ್ಲ, ತಂತಿ. ಬಾಗಿಲಿಂದ ತಂತಿ ಎಲ್ಲಿಗೆ ಎಟುಕಿತೋ ಅಲ್ಲಿ ಅದರ ಪ್ರತಿಷ್ಠಾಪನೆ: ಟಿವಿಯ ಹಿಂದೆ, ಷೋಕೇಸಿನೊಳಗೆ ಚನ್ನಪಟ್ಟಣದ ಗೊಂಬೆಗಳ ಬೆನ್ನಿಗೆ, ಕಬ್ಬಿಣದ ಬೀರುವಿನ ಪಕ್ಕದಲ್ಲಿ. ಧೂಳು ಬೀಳಬಾರದೆಂದು ಮೇಲೊಂದು ಕಸೂತಿ ಬಟ್ಟೆ. ಮೀಟಿಂಗ್ ಮಾಡುವವರು ಮಾತ್ರ ಎರಡು ಗೋಡೆ ದಾಟಿ, ಕೊನೆಯ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಕೂತಿರುತ್ತಾರೆ. ರೂಟರ್ ಸಾಮಾನ್ಯವಾಗಿ ಎರಡು ಬಗೆಯ ಅಲೆ ಹೊರಡಿಸುತ್ತದೆ. 5 ಗಿಗಾಹರ್ಟ್ಸ್‌ನದು ಚುರುಕು, ಆದರೆ ಗೋಡೆ ಕಂಡರೆ ಸೊರಗುತ್ತದೆ. 2.4 ಗಿಗಾಹರ್ಟ್ಸ್‌ನದು ದೂರ ನಡೆಯುತ್ತದೆ, ಆದರೆ ಆ ದಾರಿಯಲ್ಲಿ ಅಪಾರ್ಟ್‌ಮೆಂಟಿನ ಅಷ್ಟೂ ಮನೆಗಳ ರೂಟರುಗಳು, ಬ್ಲೂಟೂತ್ ಸಾಧನಗಳು ಎಲ್ಲ ನುಗ್ಗಾಡುತ್ತಿರುತ್ತವೆ. ಅಡುಗೆಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಹೆಚ್ಚುಕಡಿಮೆ ಅದೇ ಆವರ್ತನದಲ್ಲಿ. ಅತ್ತೆ ಹಾಲು ಬಿಸಿಗಿಟ್ಟ ಹೊತ್ತಿಗೇ ಸೊಸೆಯ ಮೀಟಿಂಗ್ ಕಡಿದುಹೋದರೆ ಅದರಲ್ಲಿ ದುರುದ್ದೇಶ ಹುಡುಕಬೇಕಿಲ್ಲ, ಭೌತಶಾಸ್ತ್ರ ಸಾಕು. ರೂಟರನ್ನು ಬಯಲಿಗೆ, ಎತ್ತರಕ್ಕೆ, ಮನೆಯ ಮಧ್ಯಕ್ಕೆ ತನ್ನಿ. ಮುಖ್ಯವಾದ ಮೀಟಿಂಗ್ ಇದ್ದರೆ ಲ್ಯಾಪ್‌ಟಾಪಿಗೆ ನೇರ ಕೇಬಲ್ ಹಾಕಿ. ಕರೆಂಟು ಹೋದಾಗ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ ಎಂದು ಧೈರ್ಯದಿಂದ ಕೂರುವವರಿಗೆ ರೂಟರಿಗೆ ಬ್ಯಾಟರಿ ಇಲ್ಲ ಎನ್ನುವುದು ಕತ್ತಲಾದ ಮೇಲೇ ಹೊಳೆಯುತ್ತದೆ. ಅದಕ್ಕೂ ಪುಟ್ಟ ಯುಪಿಎಸ್ ಸಿಗುತ್ತದೆ, ಕೊಂಡಿಟ್ಟುಕೊಳ್ಳಿ.

‘ಅಲ್ಲಾರೀ, ನಮ್ಮದು 100 ಎಂಬಿಪಿಎಸ್ ಪ್ಲಾನು!’ ಎಂದು ಎದೆ ತಟ್ಟುವವರಿದ್ದಾರೆ. ಧ್ವನಿಗೆ ಬೇಕಾದದ್ದು ಸೆಕೆಂಡಿಗೆ ನೂರು ಕಿಲೋಬಿಟ್‌ಗಿಂತಲೂ ಕಡಿಮೆ. ನಿಮ್ಮ ಮುಖಾರವಿಂದವನ್ನು ಒಳ್ಳೆಯ ಗುಣಮಟ್ಟದಲ್ಲಿ ಕಳಿಸಲು ಒಂದರಿಂದ ನಾಲ್ಕು ಮೆಗಾಬಿಟ್ ಸಾಕು. ಉಳಿದ ಮೆಗಾಬಿಟ್‌ಗಳು ಪಕ್ಕದ ಕೋಣೆಯಲ್ಲಿ ಮಗ ನೋಡುವ ಕ್ರಿಕೆಟ್ಟಿಗೆ. ಮೀಟಿಂಗಿನಲ್ಲಿ ವೇಗಕ್ಕಿಂತ ಮುಖ್ಯ ಸಮಯಪಾಲನೆ. ನಿಮ್ಮ ಮಾತು ಚೂರುಚೂರಾಗಿ, ಪೊಟ್ಟಣ ಪೊಟ್ಟಣವಾಗಿ ಹೋಗುತ್ತದೆ. ಸಿನಿಮಾ ನೋಡುವಾಗಾದರೆ ತಡವಾದ ಪೊಟ್ಟಣಕ್ಕಾಗಿ ಯಂತ್ರ ಕಾಯುತ್ತದೆ, ಪರದೆಯ ಮೇಲೆ ಚಕ್ರ ತಿರುಗುತ್ತದೆ. ಮಾತುಕತೆಯಲ್ಲಿ ಕಾಯುವ ಹಾಗಿಲ್ಲ. ಪಂಕ್ತಿ ಎದ್ದ ಮೇಲೆ ಬಂದ ಸಾರಿನ ಹಾಗೆ, ತಡವಾಗಿ ಬಂದದ್ದನ್ನು ಚೆಲ್ಲಿಬಿಡುತ್ತದೆ. ನಿಮ್ಮ ಮ್ಯಾನೇಜರು ಇದ್ದಕ್ಕಿದ್ದಂತೆ ರೋಬೋ ಧ್ವನಿಯಲ್ಲಿ ‘ಇನ್... ಕ್ರಿ... ಇಲ್ಲ’ ಎಂದದ್ದು ಆ ಚೆಲ್ಲಿದ ಸಾರಿನಿಂದಲೇ. ಚೆಲ್ಲಿಹೋದ ಭಾಗದಲ್ಲಿ ಇನ್‌ಕ್ರಿಮೆಂಟಿಗೆ ‘ಅಡ್ಡಿ’ ಎಂಬ ಪದ ಇತ್ತು ಎಂದು ನಂಬಿಕೊಂಡು ಬದುಕುವ ಸ್ವಾತಂತ್ರ್ಯ ನಿಮಗಿದೆ.

ಈ ತಡದ ಕಷ್ಟವನ್ನು ಸಂಗೀತದ ಮೇಷ್ಟ್ರುಗಳಷ್ಟು ಬಲ್ಲವರು ಬೇರಿಲ್ಲ. ಮೈಸೂರಿನಲ್ಲಿ ಗುರು, ನ್ಯೂಜೆರ್ಸಿಯಲ್ಲಿ ಶಿಷ್ಯೆ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಇಬ್ಬರ ನಡುವೆ ಹದಿಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿಗೆ ಬರೀ ದಾರಿಖರ್ಚೇ 65 ಮಿಲಿಸೆಕೆಂಡ್ ಆಯಿತು. ಮಾತಿಗಾದರೆ 150 ಮಿಲಿಸೆಕೆಂಡ್‌ವರೆಗೆ ತಡವಾದರೂ ಯಾರಿಗೂ ತಿಳಿಯುವುದಿಲ್ಲ. ಒಟ್ಟಿಗೆ ತಾಳ ಹಾಕಿ ಹಾಡುವವರಿಗೆ 30 ಆದರೇ ಲಯ ಜಾರುತ್ತದೆ. ಹಾಗಾಗಿ ಗುರು ಸಮಕ್ಕೆ ಬಂದಾಗ ಶಿಷ್ಯೆ ಇನ್ನೂ ದಾರಿಯಲ್ಲಿರುತ್ತಾಳೆ. ಒಬ್ಬರು ಹಾಡಿ, ಇನ್ನೊಬ್ಬರು ಕೇಳಿ ಒಪ್ಪಿಸುವ ಹಳೆಯ ಪಾಠಕ್ರಮವೇ ಅಲ್ಲಿ ಗತಿ. ಇದರ ಮೇಲೆ ತಂಬೂರಿಯ ಸಂಕಟ. ಗದ್ದಲ ತೆಗೆಯುವ ತಂತ್ರಾಂಶಕ್ಕೆ ಒಂದೇ ಸಮನೆ ಮೊಳಗುವುದೆಲ್ಲ ಫ್ಯಾನಿನ ಸದ್ದು. ಶ್ರುತಿಪೆಟ್ಟಿಗೆಯನ್ನು ಅದು ನಿರ್ದಾಕ್ಷಿಣ್ಯವಾಗಿ ಒರೆಸಿಹಾಕುತ್ತದೆ. ಅಷ್ಟೇ ಅಲ್ಲ, ದೀರ್ಘವಾಗಿ ಹಿಡಿದ ಷಡ್ಜವನ್ನೂ ಗದ್ದಲವೆಂದು ತಿಳಿದು ನುಂಗುವುದುಂಟು. ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಎನ್ನುವ ಗುಂಡಿ ಇರುವುದು ಇದಕ್ಕೇ. ಅದನ್ನು ಒತ್ತಿದರೆ ಷಡ್ಜ ಬರುತ್ತದೆ. ಜೊತೆಗೆ ಕುಕ್ಕರ್ ಸೀಟಿಯೂ ಬರುತ್ತದೆ.

ಇನ್ನು ಕಿವಿಯೊಳಗಿನ ಬ್ಲೂಟೂತ್. ಅದು ಒಮ್ಮೆ ಸಂಬಂಧ ಬೆಳೆಸಿದ ಯಂತ್ರಗಳನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ. ನೀವು ಲ್ಯಾಪ್‌ಟಾಪಿನ ಮುಂದೆ ‘ಧ್ವನಿ ಬರ್ತಿಲ್ಲ’ ಎಂದು ಒದ್ದಾಡುವಾಗ ಅದು ಹಾಲ್‌ನಲ್ಲಿ ಹೆಂಡತಿ ನೋಡುವ ಫೋನಿಗೆ ಒಲಿದಿರುತ್ತದೆ. ಅಲ್ಲಿ ಅವರಿಗೆ ಧಾರಾವಾಹಿಯ ಧ್ವನಿ ಬರುತ್ತಿಲ್ಲ, ಇಲ್ಲಿ ನಿಮ್ಮ ಕಿವಿಯಲ್ಲಿ ಅತ್ತೆ-ಸೊಸೆ ಕಿತ್ತಾಡುತ್ತಿದ್ದಾರೆ. ಧ್ವನಿ ಇಲ್ಲವೆಂದು ಕಂಪ್ಯೂಟರನ್ನೇ ಆರಿಸಿ ಹಾಕುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ ಯಾವ ಮೈಕು, ಯಾವ ಸ್ಪೀಕರು ಆಯ್ಕೆಯಾಗಿದೆ ನೋಡಿ. ಬ್ರೌಸರಿನಲ್ಲಿ ಸೇರಿದ್ದರೆ ವಿಳಾಸದ ಪಕ್ಕದ ಪುಟ್ಟ ಗುರುತನ್ನು ಒತ್ತಿ, ಮೈಕಿಗೆ ಅನುಮತಿ ಕೊಟ್ಟಿದ್ದೀರಾ ನೋಡಿ. ಮೊದಲ ದಿನ ಅದು ವಿನಯದಿಂದ ಕೇಳಿದಾಗ ಏನೋ ವೈರಸ್ ಇರಬೇಕೆಂದು ‘ಬೇಡ’ ಒತ್ತಿದವರು ಲೆಕ್ಕವಿಲ್ಲದಷ್ಟಿದ್ದಾರೆ. ಫೋನಿನಲ್ಲಿ ಮೀಟಿಂಗ್ ಮಾಡುವಾಗ ಚಿಕ್ಕಪ್ಪನ ಕರೆ ಬಂದರೆ ಮೈಕು ಚಿಕ್ಕಪ್ಪನ ಪಾಲಾಗುತ್ತದೆ, ಕರೆ ಮುಗಿದ ಮೇಲೂ ಕೆಲವೊಮ್ಮೆ ವಾಪಸ್ ಬರುವುದಿಲ್ಲ. ಹೊರಗೆ ಹೋಗಿ ಮತ್ತೆ ಸೇರಿಕೊಳ್ಳಿ. ಒಂದೇ ಕೋಣೆಯಲ್ಲಿ ಗಂಡ ಫೋನಿನಿಂದ, ಹೆಂಡತಿ ಲ್ಯಾಪ್‌ಟಾಪಿನಿಂದ ಒಂದೇ ಸಭೆಗೆ ಬರುವುದಂತೂ ಬೇಡವೇ ಬೇಡ. ಇದರ ಸ್ಪೀಕರಿನ ಸದ್ದು ಅದರ ಮೈಕಿಗೆ, ಅದರದು ಇದಕ್ಕೆ. ಎರಡು ಸುತ್ತಾಗುವಷ್ಟರಲ್ಲಿ ಇಡೀ ಸಭೆ ಕಿವಿ ಮುಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ರಿಪೇರಿ ಗೊತ್ತಿದ್ದೂ ನನಗೆ ಅರ್ಥವಾಗದ್ದು ಒಂದಿದೆ: ಮುಖ ತೋರಿಸಲೇಬೇಕೆಂಬ ಹಟ ಯಾಕೆ? ಅಮೆರಿಕದ ಎಟಿ ಅಂಡ್ ಟಿ ಕಂಪನಿ ‘ಪಿಕ್ಚರ್‌ಫೋನ್’ ಎಂಬ ಮುಖ ತೋರಿಸುವ ಫೋನನ್ನು 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಮೆರೆಸಿತು. ಅದೇ ವರ್ಷ ನ್ಯೂಯಾರ್ಕ್, ವಾಷಿಂಗ್ಟನ್, ಷಿಕಾಗೊಗಳಲ್ಲಿ ಬೂತ್ ತೆರೆಯಿತು. ಮೂರು ನಿಮಿಷಕ್ಕೆ 16ರಿಂದ 27 ಡಾಲರ್! 1970ರಲ್ಲಿ ಪಿಟ್ಸ್‌ಬರ್ಗ್‌ನ ಆಫೀಸುಗಳಿಗೂ ಕೊಟ್ಟು ನೋಡಿತು. ಜನ ಕ್ಯಾರೇ ಅನ್ನಲಿಲ್ಲ. ಬೆಲೆ ಒಂದು ಕಾರಣ. ಫೋನು ಬಂದಾಗಲೆಲ್ಲ ತಲೆ ಬಾಚಿಕೊಳ್ಳಬೇಕಲ್ಲ ಎನ್ನುವುದೂ ಸಣ್ಣ ಕಾರಣವಾಗಿರಲಿಕ್ಕಿಲ್ಲ. ಅವರು ದುಡ್ಡು ಕೊಟ್ಟು ಕೊಳ್ಳಲು ಒಲ್ಲೆವೆಂದದ್ದನ್ನು ನಾವು 2020ರಲ್ಲಿ ಬಿಟ್ಟಿಯಾಗಿ ಮೈಮೇಲೆ ಹಾಕಿಕೊಂಡೆವು. ದಿನವಿಡೀ ಕನ್ನಡಿ ಹಿಡಿದಂತೆ ತನ್ನ ಮುಖವನ್ನು ತಾನೇ ನೋಡುತ್ತಿರುವುದು ಈ ಸಭೆಗಳು ತರುವ ಆಯಾಸಕ್ಕೆ ಒಂದು ಕಾರಣ ಎಂದು ಸ್ಟ್ಯಾನ್‌ಫರ್ಡ್‌ನ ಪ್ರಾಧ್ಯಾಪಕ ಜೆರೆಮಿ ಬೇಲೆನ್ಸನ್ 2021ರಲ್ಲಿ ಬರೆದರು. ಸಭೆಯಲ್ಲಿ ನಾವು ನೋಡುವುದೂ ಅದನ್ನೇ. ಪಕ್ಕದ ಚೌಕದಲ್ಲಿ ಎಂ.ಡಿ. ಮಾತಾಡುತ್ತಿದ್ದರೂ ಕಣ್ಣು ನಮ್ಮ ಚೌಕದಲ್ಲಿ, ಕ್ರಾಪು ಸರಿಯಾಗಿದೆಯೋ ಇಲ್ಲವೋ ಎಂದು. ತನ್ನ ಚಿತ್ರವನ್ನು ತನಗೆ ಕಾಣದಂತೆ ಮಾಡುವ ಸೌಲಭ್ಯ ಇದೆ. ಬಳಸುವವರನ್ನು ನಾನು ಕಂಡಿಲ್ಲ. ಮಾತು ಕಡಿಯತೊಡಗಿದರೆ ಮೊದಲು ಮಾಡಬೇಕಾದ ಚಿಕಿತ್ಸೆ ಕ್ಯಾಮೆರಾ ಆರಿಸುವುದು. ಮುಖ ಹೋದರೂ ಸಭೆ ನಡೆಯುತ್ತದೆ, ಧ್ವನಿ ಹೋದರೆ ಮೂಕಿ ಚಿತ್ರ.

ಕ್ಯಾಮೆರಾ ಇಟ್ಟುಕೊಂಡು ಪಟ್ಟ ಪಾಡಿಗೆ ನ್ಯಾಯಾಲಯಗಳೇ ಸಾಕ್ಷಿ. 2021ರ ಫೆಬ್ರುವರಿಯಲ್ಲಿ ಟೆಕ್ಸಸ್‌ನ ವಕೀಲರೊಬ್ಬರು ಯಾರೋ ಹಾಕಿಟ್ಟ ಫಿಲ್ಟರಿನಿಂದಾಗಿ ಬೆಕ್ಕಿನ ಮರಿಯಾಗಿ ಹಾಜರಾದರು. ತಾನು ಬೆಕ್ಕಲ್ಲ ಎಂದು ನ್ಯಾಯಾಧೀಶರಿಗೆ ಅರಿಕೆ ಮಾಡಿಕೊಳ್ಳಬೇಕಾಯಿತು. ಅದೇ ವರ್ಷದ ಜೂನ್‌ನಲ್ಲಿ ದಿಲ್ಲಿ ಹೈಕೋರ್ಟಿನಲ್ಲಿ ನಟಿ ಜೂಹಿ ಚಾವ್ಲಾ 5ಜಿ ವಿರುದ್ಧ ಹೂಡಿದ್ದ ದಾವೆಯ ವಿಚಾರಣೆ ನಡೆಯುವಾಗ ಯಾರೋ ಅಭಿಮಾನಿ ನಡುವೆ ನುಸುಳಿ ಅವರದೇ ಸಿನಿಮಾ ಹಾಡು ಹಾಡಿದ. ಲಿಂಕನ್ನು ಸಾಮಾಜಿಕ ಜಾಲತಾಣದಲ್ಲಿ ಹಂಚಿದ್ದರ ಫಲ ಅದು. ನಮ್ಮ ಕರ್ನಾಟಕ ಹೈಕೋರ್ಟಂತೂ 2023ರ ಡಿಸೆಂಬರ್‌ನಲ್ಲಿ ಕಿಡಿಗೇಡಿಗಳು ಅಶ್ಲೀಲ ದೃಶ್ಯ ತೂರಿಸಿದ್ದರಿಂದ ವಿಡಿಯೊ ಕಲಾಪವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ನಿಮ್ಮ ಅಪಾರ್ಟ್‌ಮೆಂಟ್ ಸಂಘದ ಸಭೆಗೂ ಪಾಸ್‌ಕೋಡ್ ಇರಲಿ, ಬಂದವರನ್ನು ಹೆಸರು ನೋಡಿ ಒಳಗೆ ಬಿಡಿ. ಬಾಗಿಲಲ್ಲಿ ‘ಮಗಳ ಟ್ಯಾಬ್’ ಎಂಬ ಹೆಸರಿನಲ್ಲಿ ಕಾಯುತ್ತಿರುವವರು ನಿಮ್ಮ ಖಜಾಂಚಿಯೇ ಇರಬಹುದು, ಅದನ್ನೂ ವಿಚಾರಿಸಿ.

ವಿದೇಶದ ಕನ್ನಡ ಕೂಟದವರ ಗೋಳು ಲಿಂಕಿನದಲ್ಲ, ಗಡಿಯಾರದ್ದು. ನಮ್ಮ ಸಂಜೆ ಏಳು ಬೇಸಿಗೆಯಲ್ಲಿ ನ್ಯೂಯಾರ್ಕಿನ ಬೆಳಗಿನ ಒಂಬತ್ತೂವರೆ. ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಎಂಟೂವರೆ. ರಾಜ್ಯೋತ್ಸವದ ಕಾರ್ಯಕ್ರಮ ಸರಿಯಾಗಿ ಆ ಸಂಧಿಕಾಲದಲ್ಲೇ ಬರುತ್ತದೆ. ಅರ್ಧ ಜನ ನಾಡಗೀತೆಗೆ ಬಂದರೆ ಇನ್ನರ್ಧ ವಂದನಾರ್ಪಣೆಗೆ.

ಕುಟುಂಬದ ಸಭೆಗಳಿಗೆ ಮಾತ್ರ ನಾನು ಒಂದು ಸೌಲಭ್ಯವನ್ನು ಮನಸಾರೆ ಹೊಗಳುತ್ತೇನೆ. ಬಿಟ್ಟಿ ಝೂಮ್ 40 ನಿಮಿಷಕ್ಕೆ ಮುಗಿಯುತ್ತದೆ. ಕ್ಷೇಮಸಮಾಚಾರಕ್ಕೆ ಹತ್ತು, ‘ಕೇಳಿಸ್ತಾ ಇದೆಯಾ’ಗೆ ಹತ್ತು, ಮೊಮ್ಮಗಳ ಶ್ಲೋಕಕ್ಕೆ ಹತ್ತು ಕಳೆದು, ಊರಿನ ಜಮೀನಿನ ಮಾತು ಬಿಸಿಯೇರುವ ಹೊತ್ತಿಗೆ ಸರಿಯಾಗಿ ಕಿಟಕಿ ಮುಚ್ಚಿಕೊಳ್ಳುತ್ತದೆ. ಎಷ್ಟೋ ಮನೆತನಗಳು ಇನ್ನೂ ಒಡೆಯದೆ ಉಳಿದಿರುವುದು ಆ ಕಂಪನಿಯ ಜಿಪುಣತನದಿಂದ.

ದುಡ್ಡು ಕೊಟ್ಟ ಸಭೆಗಳು ಹಾಗೆ ತಾನಾಗಿ ಮುಗಿಯುವುದಿಲ್ಲ, ಅಪಾಯ ಇರುವುದೇ ಅಲ್ಲಿ. ‘ಸರಿ, ಸಿಗೋಣ, ಥ್ಯಾಂಕ್ಯೂ’ ಎಂದು ಕೈ ಬೀಸಿ, ಕುರ್ಚಿ ಹಿಂದಕ್ಕೆ ತಳ್ಳಿ, ಅಡುಗೆಮನೆಯ ಕಡೆ ಮುಖ ಮಾಡಿ ‘ಅಬ್ಬಾ, ಪೀಡೆ ತೊಲಗ್ತು’ ಎನ್ನುವವರೇ, ಒಂದು ನಿಮಿಷ. ಮೊದಲು ಆ ಕೆಂಪು ಗುಂಡಿ ಒತ್ತಿ. ಸಭೆಯಿಂದ ಹೊರಬಂದಿರಿ ಎಂದು ಪರದೆಯ ಮೇಲೆ ಬಂತೇ ನೋಡಿ. ಲ್ಯಾಪ್‌ಟಾಪನ್ನೂ ಮುಚ್ಚಿ. ಆಮೇಲೆ ಮ್ಯಾನೇಜರನ್ನು ಎಷ್ಟು ಬೇಕಾದರೂ ಬೈಯಿರಿ.