ಟೈರಪ್ಪನ ಪ್ರವರ

ಭಾನುವಾರ ಬೆಳಗಿನ ಜಾವ ಎದ್ದು, ಒಂದು ದೋಸೆಗಾಗಿ ಎಪ್ಪತ್ತು ಎಂಬತ್ತು ಕಿಲೋಮೀಟರ್ ಬೈಕ್ ಓಡಿಸುವ ಒಂದು ಜನಾಂಗ ಬೆಂಗಳೂರಿನಲ್ಲಿದೆ. ಅದೇ ದೋಸೆ ಮನೆಯೆದುರಿನ ಹೋಟೆಲಿನಲ್ಲೂ ಸಿಗುತ್ತದಲ್ಲ ಎಂದರೆ ಇವರು ನಿಮ್ಮ ಜೊತೆ ಮಾತು ಬಿಡುತ್ತಾರೆ. ಈ ಜನಾಂಗದಲ್ಲಿ ಪಂಗಡಗಳು ಹಲವು. ಸೈಲೆನ್ಸರಿನ ಸದ್ದಿಗಾಗಿಯೇ ಹುಟ್ಟಿದವರು, ಜಾಕೆಟ್ಟು ಗ್ಲೌಸುಗಳಲ್ಲಿ ಮೋಕ್ಷ ಕಂಡವರು, ಹೆಲ್ಮೆಟ್ಟಿನ ನೆತ್ತಿಗೆ ಕ್ಯಾಮೆರಾ ಅಂಟಿಸಿಕೊಂಡು ತಮ್ಮ ಜೊತೆ ತಾವೇ ಮಾತಾಡುವವರು. ಇವರನ್ನೆಲ್ಲ ಹೇಗೋ ಸಹಿಸಬಹುದು. ಟೈರಿನವನದೇ ಕಷ್ಟ.

ಅವನನ್ನು ಗುರುತು ಹಿಡಿಯುವುದು ಸುಲಭ. ಬೈಕುಗಳು ಸಾಲಾಗಿ ನಿಂತಲ್ಲಿ ಮಿಕ್ಕವರು ನಿಂತು ನೋಡಿದರೆ ಇವನು ಕುಕ್ಕರಗಾಲಲ್ಲಿ ಕೂತು ನೋಡುತ್ತಾನೆ. ಟ್ಯಾಂಕಿನ ಬಣ್ಣ ಯಾವುದು ಎಂದು ಕೇಳಿದರೆ ತಡವರಿಸುತ್ತಾನೆ, ಹಿಂದಿನ ಚಕ್ರದ ನಡುಭಾಗ ಎಷ್ಟು ಸವೆದಿದೆ ಎಂದು ಕೇಳಿದರೆ ಮಿಲಿಮೀಟರಿನಲ್ಲಿ ಹೇಳುತ್ತಾನೆ. ಜೇಬಿನಲ್ಲಿ ಸದಾ ಗಾಳಿ ಅಳೆಯುವ ಗೇಜು. ಪೆಟ್ರೋಲ್ ಬಂಕಿನ ಗೇಜನ್ನು ನಂಬುವವರ ಬಗ್ಗೆ ಅವನಿಗೆ ಸಿಟ್ಟಿಲ್ಲ, ಕನಿಕರ.

ನಮ್ಮ ಗುಂಪಿನ ಟೈರಿನವನಿಗೆ ಟೈರಪ್ಪ ಎಂದೇ ಹೆಸರು. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಆಧಾರ್ ಕಾರ್ಡಿನ ಹೊರಗೆ ಅದರ ಬಳಕೆ ನಿಂತುಹೋಗಿದೆ. ಅವನ ಹತ್ತಿರ ಎರಡು ಸಿಲಿಂಡರಿನ 650 ಸಿಸಿ ಬೈಕಿದೆ. ಅದರ ಹಿಂದಿನ ಟೈರಿನ ಮೈಮೇಲೆ 160/60 ಝಡ್‌ಆರ್ 17, ಪಕ್ಕದಲ್ಲಿ 69 ಡಬ್ಲ್ಯು ಎಂದು ಬರೆದಿರುತ್ತದೆ. ನಿಮಗೂ ನನಗೂ ಅದು ಬರೀ ಅಕ್ಷರ, ಅವನಿಗೆ ಮಂತ್ರ. 160 ಅಂದರೆ ಅಗಲ, ಮಿಲಿಮೀಟರಿನಲ್ಲಿ. 60 ಅಂದರೆ ಎತ್ತರ, ಅದು ಅಗಲದ ಶೇಕಡಾ 60. ಒಳಗಿನ ರಿಮ್ಮು 17 ಇಂಚು. 69 ಅಂದರೆ 325 ಕಿಲೋ ಭಾರ ತಡೆಯುತ್ತದೆ, ಡಬ್ಲ್ಯು ಅಂದರೆ ಗಂಟೆಗೆ 270 ಕಿಲೋಮೀಟರ್ ವೇಗ ತಡೆಯುತ್ತದೆ. ಇದನ್ನು ನನಗೆ ಅರ್ಥ ಮಾಡಿಸಲು ಅವನು ನನ್ನ ಹೊಟ್ಟೆಯನ್ನೇ ಉದಾಹರಣೆಗೆ ತೆಗೆದುಕೊಂಡ. ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ ಲೆಕ್ಕ ಹಾಕಿ, "ನೀನು ಲಾರಿ ಟೈರಿನ ವರ್ಗಕ್ಕೆ ಬರ್ತೀಯ" ಎಂದು ಎಲ್ಲರೆದುರು ತೀರ್ಪು ಕೊಟ್ಟ. ವಿಷಯ ಮಾತ್ರ ತಲೆಯಲ್ಲಿ ಕೂತುಬಿಟ್ಟಿತು, ಅವಮಾನದಷ್ಟು ಒಳ್ಳೆಯ ಮೇಷ್ಟ್ರಿಲ್ಲ.

ಅವನು ಹೊಸ ಟೈರು ಆರಿಸಿದ ಕಾಲವನ್ನು ಗುಂಪಿನವರು ಈಗಲೂ ನೆನೆಸಿಕೊಂಡು ನಡುಗುತ್ತೇವೆ. ಬೇಕಾದದ್ದು ಸ್ಪೋರ್ಟ್ ಟೂರಿಂಗ್ ಟೈರು. ಅಂದರೆ ಘಾಟಿಯ ತಿರುವಿನಲ್ಲಿ ರೇಸಿನ ಟೈರಿನ ಹಾಗೆ ಹಿಡಿಯಬೇಕು, ಹೆದ್ದಾರಿಯಲ್ಲಿ ಹತ್ತಾರು ಸಾವಿರ ಕಿಲೋಮೀಟರ್ ಸವೆಯದೆ ಬರಬೇಕು, ಮಳೆಯಲ್ಲಿ ಜಾರಬಾರದು. ಮೆತ್ತಗಿನ ರಬ್ಬರು ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಾಳುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಕೈ ಕೊಡುತ್ತದೆ. ಅದಕ್ಕೇ ಕಂಪನಿಗಳು ನಡುವೆ ಗಟ್ಟಿ, ಅಂಚಿಗೆ ಮೆತ್ತಗೆ ಎಂದು ಒಂದೇ ಟೈರಿನಲ್ಲಿ ಎರಡು ಬಗೆಯ ರಬ್ಬರು ಹಾಕುತ್ತವೆ, ಮಳೆಗೆ ಮತ್ತು ಚಳಿಗೆ ಸಿಲಿಕಾ ಬೆರೆಸುತ್ತವೆ. ಇಷ್ಟು ತಿಳಿದ ಮೇಲೆ ಯಾವುದೋ ಒಂದನ್ನು ಹಾಕಿಸಿಕೊಂಡು ಮನೆಗೆ ಹೋಗಬಹುದಲ್ಲ? ಟೈರಪ್ಪ ಹೋಗಲಿಲ್ಲ. ಮಗಳಿಗೆ ವರ ನೋಡುವವರು ಜಾತಕ ತರಿಸುವಂತೆ ಮಿಶೆಲಿನ್ ರೋಡ್ 5, ಪಿರೆಲ್ಲಿ ಏಂಜೆಲ್ ಜಿಟಿ, ಮೆಟ್ಜೆಲರ್ ರೋಡ್‌ಟೆಕ್ 01, ಬ್ರಿಜ್‌ಸ್ಟೋನ್ ಟಿ31 ಎಲ್ಲದರ ಗುಣಾವಗುಣ ಬರೆಸಿ ಕಡತ ಮಾಡಿದ. ಪಿರೆಲ್ಲಿಗೂ ಮೆಟ್ಜೆಲರಿಗೂ ನಡುವೆ ತೂಗಾಡುತ್ತಿದ್ದಾಗ ಯಾರೋ ಮೆಟ್ಜೆಲರನ್ನು ಪಿರೆಲ್ಲಿಯವರು 1986ರಲ್ಲೇ ಕೊಂಡುಕೊಂಡಿದ್ದಾರೆ ಎಂದರು. ಸಗೋತ್ರ ಎಂದು ತಿಳಿದವನ ಹಾಗೆ ಮುಖ ಮಾಡಿ ಎರಡನ್ನೂ ಪಕ್ಕಕ್ಕಿಟ್ಟ.

ಕೊನೆಗೆ ತಾಳಿ ಕಟ್ಟಿಸಿದ್ದು ಸರ್ಕಾರ. 2020ರ ಜೂನಿನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಹಾಕಿತು. ಊರೆಲ್ಲ ಆಕ್ಸಿಮೀಟರಿಗೆ ಅಲೆಯುತ್ತಿದ್ದಾಗ ಇವನು ಮಾಸ್ಕು ಹಾಕಿಕೊಂಡು ಜೆ.ಸಿ. ರಸ್ತೆಯಲ್ಲಿ ಮಿಶೆಲಿನ್ನಿಗೆ ಅಲೆದ. ಒಂದು ಜೊತೆ ರೋಡ್ 5 ಸಿಕ್ಕಿತು. ಆಟೋದ ಸೀಟಿನಲ್ಲಿ ಎರಡು ಟೈರನ್ನು ಕೂರಿಸಿ, ತಾನು ಡ್ರೈವರಿನ ಪಕ್ಕದಲ್ಲಿ ಅರ್ಧ ಕುಂಡೆ ಊರಿ ಬಂದ. ಈ ಟೈರಿನ ಬಗ್ಗೆ ಕಂಪನಿ ಒಂದು ಮಾತು ಹೇಳಿಕೊಂಡಿದೆ: 5,636 ಕಿಲೋಮೀಟರ್ ಓಡಿದ ರೋಡ್ 5, ಒದ್ದೆ ರಸ್ತೆಯಲ್ಲಿ ಬ್ರೇಕು ಹಾಕಿದರೆ ಹೊಚ್ಚಹೊಸ ಪೈಲಟ್ ರೋಡ್ 4 ನಿಲ್ಲುವಷ್ಟೇ ದೂರದಲ್ಲಿ ನಿಲ್ಲುತ್ತದಂತೆ. ಮದುವೆಯ ದಿನ ಯಾವ ತಾರೀಕು ಎಂದು ಹೆಂಡತಿ ಕೇಳಿದರೆ ಕ್ಯಾಲೆಂಡರ್ ಹುಡುಕುವ ಮನುಷ್ಯ ಆ 5,636ನ್ನು ನಿದ್ದೆಯಲ್ಲೂ ಹೇಳುತ್ತಾನೆ. ಇದು ಅವಳೇ ಹೇಳಿದ್ದು.

ಮದುವೆ ಎಂದಾಗ ಬಸವನಗುಡಿಯ ಛತ್ರದ ಕಥೆ ಹೇಳದೆ ಮುಂದಕ್ಕೆ ಹೋಗಲಾರೆ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರ ಮಗಳ ಮದುವೆ. ಟೈರಪ್ಪನನ್ನು ಕರೆದುಕೊಂಡು ಹೋದವನು ನಾನು. ತಿಂಡಿ ಮುಗಿಸಿ ಕೈ ತೊಳೆಯಲು ಹೋದವನು ಬರಲೇ ಇಲ್ಲ. ಹೊರಗೆ ಹೋಗಿ ನೋಡಿದರೆ ಗುಲಾಬಿ, ಸೇವಂತಿಗೆ ಹೊತ್ತು ನಿಂತಿದ್ದ ಗಂಡಿನ ಕಡೆಯ ಕಾರಿನ ಪಕ್ಕ ರೇಷ್ಮೆ ಪಂಚೆ ಎತ್ತಿಕಟ್ಟಿ ಕೂತಿದ್ದಾನೆ. ಪ್ರತಿ ಟೈರಿನ ಮೇಲೂ ನಾಲ್ಕಂಕಿಯ ಒಂದು ಗುರುತು ಇರುತ್ತದೆ; ಮೊದಲೆರಡು ಅಂಕಿ ತಯಾರಾದ ವಾರ, ಕೊನೆಯೆರಡು ವರ್ಷ. ಅದನ್ನು ಓದಿದವನ ಮುಖ ಬಿಳಿಚಿಕೊಂಡಿತ್ತು. ನಾನು ತಡೆಯುವ ಮೊದಲೇ ಒಳಗೆ ಹೋಗಿ, ಧಾರೆಗೆ ಸಿದ್ಧರಾಗುತ್ತಿದ್ದ ಹುಡುಗಿಯ ತಂದೆಯನ್ನು ಕಂಬದ ಮರೆಗೆ ಕರೆದ.

"ಸಾರ್, ಹೇಳಬಾರದು ಅಂದ್ಕೊಂಡೆ, ಮನಸ್ಸು ತಡೀಲಿಲ್ಲ. ಹೊರಗಿನ ಪಾಲಿಶ್ ನೋಡಿ ಮೋಸ ಹೋಗಬೇಡಿ. ವಯಸ್ಸು ಆಗಿಹೋಗಿದೆ. ಇಸವಿ ನಾನೇ ಕಣ್ಣಾರೆ ನೋಡಿದೆ."

"ಯಾವ ಇಸವಿ? ಏನ್ರೀ ಹೇಳ್ತಿದೀರಿ?"

"ಗಂಡಿನ ಕಡೆಯವರು ನಿಮಗೆ ಹೇಳೇ ಇಲ್ವಾ? ಪಕ್ಕದಲ್ಲೆಲ್ಲ ಸೀಳು ಬಿಟ್ಟಿದೆ ಸಾರ್. ಮೇಲಿಂದ ಕಪ್ಪು ಬಳಿದು ಮುಚ್ಚಿದ್ದಾರೆ. ಯಾವ ಗಳಿಗೆಯಲ್ಲಿ ಬೇಕಾದರೂ ಢಮಾರ್ ಅನ್ನಬಹುದು. ಇಂಥದ್ದನ್ನ ನಂಬಿ ಹುಡುಗೀನ ಹೆಂಗೆ ಕಳಿಸ್ತೀರಿ?"

ಆ ಮನುಷ್ಯ ಪಕ್ಕದ ಕುರ್ಚಿಯನ್ನು ಕೈಯಲ್ಲಿ ತಡಕಿ ಕೂತರು. ತಲೆಗೆ ಕಪ್ಪು ಬಳಿದ ಅಳಿಯ ಹಸೆಮಣೆಯ ಪಕ್ಕದಲ್ಲಿ ನಗುತ್ತಾ ಫೋಟೋ ತೆಗೆಸಿಕೊಳ್ಳುತ್ತಿದ್ದ. "ಡಾಕ್ಟರಿಗೆ ತೋರಿಸಿದ್ದಾರಾ?" ಎಂದು ಅವರು ಕೇಳಿದ ದನಿ ನನಗೆ ಸರಿಯಾಗಿ ಕೇಳಿಸಲೂ ಇಲ್ಲ.

"ಡಾಕ್ಟರು ಏನ್ ಮಾಡ್ತಾರೆ ಸಾರ್? ಬದಲಾಯಿಸೋದೊಂದೇ ದಾರಿ. ನೀವು ಹ್ಞೂಂ ಅಂದ್ರೆ ಊಟದ ಹೊತ್ತಿಗೆ ಬೇರೆ ವ್ಯವಸ್ಥೆ ಮಾಡಿಸ್ತೀನಿ. ಹಾಕಿಸಿದರೆ ನಾಲ್ಕೂ ಒಟ್ಟಿಗೇ ಹಾಕಿಸಬೇಕು."

"ನಾಲ್ಕಾ?"

ಅಲ್ಲಿಗೆ ನಾನು ಓಡಿಹೋಗಿ ನಡುವೆ ಬಿದ್ದೆ. ಓಲಗದವರು ಜೋರಾಗಿ ನುಡಿಸುತ್ತಿದ್ದದ್ದು ಪುಣ್ಯ, ಮಾತು ಕಂಬದ ಆಚೆ ದಾಟಲಿಲ್ಲ. ನನ್ನ ಸಹೋದ್ಯೋಗಿ ಆಮೇಲೆ ಎಷ್ಟೋ ದಿನ ಕಚೇರಿಯಲ್ಲಿ ನನ್ನ ಹತ್ತಿರ ಕಡತದ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಆದರೆ ಅವತ್ತು ಊಟವಾದ ಮೇಲೆ, ಕಾರಿನ ಯಜಮಾನರಾದ ಗಂಡಿನ ಸೋದರಮಾವ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಚಕ್ರದ ಪಕ್ಕ ಬಗ್ಗಿದ್ದನ್ನು ನಾನು ಕಂಡೆ. ಮದುಮಗಳು ಗಂಡನ ಮನೆಗೆ ಹೋದದ್ದು ಟ್ಯಾಕ್ಸಿಯಲ್ಲಿ. ಅದರ ಟೈರನ್ನೂ ಟೈರಪ್ಪ ನೋಡಿ "ಪಾಸ್" ಎಂದ.

ಅವನ ಪಾಂಡಿತ್ಯ ಸೋತದ್ದು ಸುಳ್ಯದಲ್ಲಿ. ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ ರಬ್ಬರ್ ತೋಟದ ಮುಂದೆ ನಿಲ್ಲಿಸಿ, ಮರದ ಹಾಲು ಗೆರಟೆಗೆ ತೊಟ್ಟಿಕ್ಕುವುದನ್ನು ಭಕ್ತಿಯಿಂದ ನೋಡಿದ. ಆಮೇಲೆ ಶೀಟು ಒಣಗಿಸುತ್ತಿದ್ದ ತೋಟದ ಯಜಮಾನರಿಗೆ ಆ ರಬ್ಬರು ಮುಂದೆ ಏನಾಗುತ್ತದೆ, ಗಂಧಕ ಯಾಕೆ ಬೆರೆಸುತ್ತಾರೆ, 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಅದನ್ನು ಹೇಗೆ ಕಂಡುಹಿಡಿದ ಎಂದು ಉಪನ್ಯಾಸ ಕೊಟ್ಟ. ಅವರು ತಾಳ್ಮೆಯಿಂದ ಎಲ್ಲ ಕೇಳಿ, "ಅದೆಲ್ಲ ಇರ್ಲಿ ಮಾರಾಯ್ರೆ, ಕಿಲೋಗೆ ಎಷ್ಟು ಕೊಡ್ತಾರಂತೆ ಈಗ?" ಎಂದರು. ಟೈರಪ್ಪನಿಗೆ ಗೊತ್ತಿರಲಿಲ್ಲ. ಸುಬ್ರಹ್ಮಣ್ಯ ಮುಟ್ಟುವವರೆಗೂ ಸುಮ್ಮನಿದ್ದ, ನಮಗೆಲ್ಲ ರಸ್ತೆಯ ಪಕ್ಕದಲ್ಲಿ ಹಕ್ಕಿಗಳಿರುವುದು ಕೇಳಿಸಿತು.

ನನಗೆ ಅವನ ಮೇಲೆ ಸಿಟ್ಟು ನಿಲ್ಲದಂತೆ ಮಾಡಿದ್ದು ಚಾರ್ಮಾಡಿ. ಮುಂಗಾರಿನ ಮೊದಲ ವಾರ, ಮಂಜು, ಕತ್ತಲೆ. ಮೊದಲ ಮಳೆಯಲ್ಲಿ ರಸ್ತೆಯ ಎಣ್ಣೆ ಮೇಲೇಳುತ್ತದೆ, ಬಿಳಿ ಪಟ್ಟಿಯ ಮೇಲೆ ಚಕ್ರ ಹತ್ತಿಸಬೇಡ, ಎರಡು ಟೈರು ಸೇರಿ ನೆಲ ಮುಟ್ಟುವುದು ಎರಡು ಅಂಗೈಯಷ್ಟು ಜಾಗದಲ್ಲಿ ಎಂದು ಕೊಟ್ಟಿಗೆಹಾರದ ಚಹಾದ ಅಂಗಡಿಯಲ್ಲಿ ಅವನು ಕೊರೆದಾಗ ನಾನು ಆಕಳಿಸಿದ್ದೆ. ಘಾಟಿ ಇಳಿಯುವಾಗ ಅವನ ಬೈಕು ನನ್ನ ಬುಲೆಟ್ಟನ್ನು ಒಮ್ಮೆಯೂ ಹಿಂದೆ ಹಾಕಲಿಲ್ಲ. ನನ್ನ ಹಿಂದೆಯೇ ಬಂದು ಪ್ರತಿ ತಿರುವಿಗೂ ಅವನ ದೀಪ ನನ್ನ ದಾರಿಗೆ ಬೀಳುವಂತೆ ನೋಡಿಕೊಂಡ. ಉಜಿರೆಯಲ್ಲಿ ಇಳಿದು ಥ್ಯಾಂಕ್ಸ್ ಹೇಳೋಣ ಎಂದು ಬಾಯಿ ತೆರೆದರೆ, "ನಿನ್ನ ಹಿಂದಿನ ಟೈರು ಚೌಕ ಆಗಿದೆ, ಥೂ" ಎಂದ.

ಇಷ್ಟೆಲ್ಲ ಬಲ್ಲವನ ಮಿಶೆಲಿನ್ ಜೋಡಿ ಎಲ್ಲಿತ್ತು ಅಂದಿರಾ? ಮಂಚದ ಕೆಳಗೆ. ಬೆಂಗಳೂರಿನ ಗುಂಡಿಗಳಿಗೆ ಅಂಥ ಟೈರು ತೋರಿಸುವುದು ಪಾಪ, ಹಿಮಾಲಯದ ಸ್ಪಿತಿಗೆ ಹೋಗುವ ಮುನ್ನ ಹಾಕಿಸುತ್ತೇನೆ ಎಂದು ಹಳೆಯ ಬಟ್ಟೆ ಸುತ್ತಿಟ್ಟಿದ್ದ. ಸ್ಪಿತಿಯ ಯೋಜನೆ ವರ್ಷವರ್ಷವೂ ತಯಾರಾಗುತ್ತಿತ್ತು. ಒಂದು ವರ್ಷ ಗುಂಪಿನ ಒಬ್ಬ ಕೆನಡಾಕ್ಕೆ ಹೋದ. ಮರುವರ್ಷ ಇನ್ನೊಬ್ಬನ ಬೆನ್ನುಮೂಳೆಯ ಡಿಸ್ಕು ಜಾರಿತು. ಆಮೇಲೆ ಟೈರಪ್ಪನ ಅಮ್ಮನಿಗೆ ಹುಷಾರಿಲ್ಲದೆ ಹೋಗಿ ಆ ಬೇಸಿಗೆ ಆಸ್ಪತ್ರೆಯಲ್ಲೇ ಕಳೆಯಿತು. ನಾನು ಮಾತ್ರ ಹೊಸ ರೈನ್‌ಕೋಟು ಕೊಂಡು ಸಿದ್ಧನಿದ್ದೆ, ಈಗ ಅದರ ಗುಂಡಿಗಳು ನನ್ನ ಹೊಟ್ಟೆಯ ಮೇಲೆ ಕೂಡುವುದಿಲ್ಲ. ಸೆಲ್ಲಾರಿನಲ್ಲಿ ಕಾರು ನಿಲ್ಲಿಸಿಟ್ಟ ನೆರೆಯವರಿಗೆ ಇದೇ ಟೈರಪ್ಪ ಬುದ್ಧಿ ಹೇಳುತ್ತಿದ್ದ: ರಬ್ಬರಿನೊಳಗೆ ಸೇರಿಸಿದ ರಕ್ಷಕ ದ್ರವ್ಯ ಮೇಲಕ್ಕೆ ಬಂದು ಮೈ ಕಾಯಬೇಕಾದರೆ ಟೈರು ಉರುಳುತ್ತಿರಬೇಕು, ನಿಂತಲ್ಲೇ ನಿಂತದ್ದು ಬೇಗ ಸೀಳು ಬಿಡುತ್ತದೆ.

ಕೊನೆಗೆ ಬಾಯಿ ಬಿಟ್ಟವಳು ಅವನ ಮಗಳು. ಅವಳಿಗೆ ಕಾಲೇಜಿಗೆಂದು ಸ್ಕೂಟರು ತೆಗೆಸಿಕೊಟ್ಟ ದಿನ ಇವನೇ ಆ ನಾಲ್ಕಂಕಿ ಓದುವುದನ್ನು ಕಲಿಸಿದ್ದ. ಮಂಚದ ಕೆಳಗೆ ಕಸ ಗುಡಿಸಲು ಹೋದವಳು ಬಟ್ಟೆ ಸರಿಸಿ ಓದಿದಳು. "ಅಪ್ಪಾ, 4819. 2019ರ 48ನೇ ವಾರ. ಐದು ವರ್ಷದ ಮೇಲೆ ಯಾವ ಟೈರನ್ನೂ ನಂಬಬೇಡ ಅಂದಿದ್ಯಲ್ಲ?" ಅವನು ಏನೂ ಹೇಳಲಿಲ್ಲವಂತೆ. ಮೂರು ದಿನ ಟಾರ್ಚ್ ಹಿಡಿದು ಟೈರಿನ ಮೈಯೆಲ್ಲ ಹುಡುಕಿದ. ಸೀಳಿರಲಿಲ್ಲ. ನಾಲ್ಕನೆಯ ದಿನ ನನಗೆ ಫೋನು ಬಂತು: "ಹಾಕಿಸ್ತಿದೀನಿ, ಬಾ."

ಅಂಗಡಿಯ ಹುಡುಗ ಇಂಥ ಗಿರಾಕಿಗಳನ್ನು ಕಂಡವನು. ಟೈರು ಉರುಳಬೇಕಾದ ದಿಕ್ಕಿನ ಬಾಣದ ಗುರುತನ್ನು ಇವನು ಮತ್ತೆ ಮತ್ತೆ ತೋರಿಸಿದಾಗ "ನನಗೂ ಕಣ್ಣಿದೆ ಸಾರ್" ಎಂದ. ಗಾಳಿ ಎಷ್ಟು ಎಂದು ಕೇಳಿದ. ಟೈರಪ್ಪ ತಣ್ಣಗಿರುವಾಗ ಎಷ್ಟು, ಬಿಸಿಯಾದಾಗ ಎಷ್ಟು, ಹಿಂದೆ ನನ್ನಂಥವನು ಕೂತರೆ ಎಷ್ಟು ಎಂದು ಪೀಠಿಕೆ ಶುರು ಮಾಡುವಷ್ಟರಲ್ಲಿ ಮುಂದೆ 32, ಹಿಂದೆ 36 ಹೊಡೆದು, ಮುಂದಿನ ಬೈಕಿಗೆ ಹೋಗಿಬಿಟ್ಟಿದ್ದ.

ಹೊಸ ಟೈರಿನ ಮೈ ನುಣುಪಾಗಿರುತ್ತದೆ, ಮೊದಲ ನೂರೈವತ್ತು ಕಿಲೋಮೀಟರ್ ಮೆಲ್ಲಗೆ ಓಡಿಸಿ ಪಳಗಿಸಬೇಕು ಎನ್ನುವುದು ಶಾಸ್ತ್ರ. ಮೈಸೂರು ಹೆಚ್ಚುಕಡಿಮೆ ಅಷ್ಟೇ ದೂರ, ಅಲ್ಲಿಗೇ ಹೋಗಿಬರೋಣ ಎಂದ. ಆದರೆ 2023ರ ಆಗಸ್ಟ್ 1ರಿಂದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ, ಟ್ರ್ಯಾಕ್ಟರು ಯಾವುದೂ ಹತ್ತುವ ಹಾಗಿಲ್ಲ. ಹೀಗಾಗಿ ಗಂಟೆಗೆ 270 ಕಿಲೋಮೀಟರ್ ತಡೆಯುವ ಫ್ರೆಂಚ್ ಟೈರು, ಪಕ್ಕದ ಸರ್ವೀಸ್ ರಸ್ತೆಯಲ್ಲಿ, ಕಬ್ಬಿನ ಗಾಡಿಯ ಹಿಂದೆ, ಹಂಪಿನಿಂದ ಹಂಪಿಗೆ ಮುಗ್ಗರಿಸುತ್ತ ತನ್ನ ಬಾಳ್ವೆ ಶುರು ಮಾಡಿತು. ಟೈರಪ್ಪ ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಅದರ ಹಿಡಿತ ಹೇಗಿದೆ ಎಂದು ನನಗೆ ಕೂಗಿ ಹೇಳುತ್ತಲೇ ಇದ್ದ. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಹಿಂದೆ ಕಂಡಿರಲಿಲ್ಲ. ಸ್ಪಿತಿಯ ಮಾತು ಇಬ್ಬರೂ ಎತ್ತಲಿಲ್ಲ.

ಮದ್ದೂರು ದಾಟಿದ ಮೇಲೆ ಹಿಂದಿನಿಂದ ಪೀಂ ಪೀಂ ಸದ್ದು. ಮೈತುಂಬ ಹಸಿ ಹುಲ್ಲಿನ ಹೊರೆ ಹೇರಿಕೊಂಡ ಟಿವಿಎಸ್ ಎಕ್ಸ್‌ಎಲ್ಲೊಂದು ನಮ್ಮಿಬ್ಬರನ್ನೂ ಹಿಂದೆ ಹಾಕಿತು. ಅದರ ಹಿಂದಿನ ಟೈರು ಬೋಳು, ಒಳಗಿನ ನೂಲು ಕಾಣುತ್ತಿತ್ತು. ಟೈರಪ್ಪನ ಕೈ ತಾನಾಗಿಯೇ ಮೇಲೆದ್ದಿತು, "ಯಜಮಾನ್ರೇ, ನಿಮ್ಮ ಟೈರು!" ಎಂದು ಕೂಗಿದ.

ಹುಲ್ಲಿನ ಹೊರೆಯ ಮುಂದಿನಿಂದ ಒಂದು ತಲೆ ನಮ್ಮ ಕಡೆ ತಿರುಗಿತು. ಟೈರಪ್ಪನ ಬೈಕನ್ನೂ, ಅದು ಹೋಗುತ್ತಿದ್ದ ವೇಗವನ್ನೂ ನೋಡಿ ಕೇಳಿತು:

"ಯಾಕಣ್ಣೋ, ಪಂಚರ್ ಆಗದಾ?"