ರೂಪಾಯಿಯಲ್ಲೇ ಕೊಡ್ತೀರಾ?

(ಮ್ಯೂನಿಕ್. ಸೂಪರ್‌ಮಾರ್ಕೆಟ್ಟಿನ ಗಲ್ಲಾ. ಹಿಂದೆ ಉದ್ದ ಸಾಲು. ಜರ್ಮನರು ಗಡಿಯಾರ ನೋಡುತ್ತಿದ್ದಾರೆ.)

ಹೆಂಡತಿ: ರೀ, ಇಲ್ಲೇ ಸಂಬಳ, ಇಲ್ಲೇ ಬ್ಯಾಂಕ್ ಖಾತೆ. ಹಾಲು, ಬ್ರೆಡ್ಡಿಗೂ ಬೆಂಗಳೂರಿನ ಕಾರ್ಡೇ ಉಜ್ಜಬೇಕಾ?

ಗಂಡ: ಪಾಯಿಂಟ್ಸ್ ಬರುತ್ತೆ ಕಣೇ! ನೂರಕ್ಕೆ ಒಂದು.

ಹೆಂಡತಿ: ಹೋಗೋದೆಷ್ಟು? ವಿದೇಶಿ ಕರೆನ್ಸಿ ಅಂತ 3.5% ಮಾರ್ಕಪ್.

ಗಂಡ: ಅಷ್ಟೇ ತಾನೆ?

ಹೆಂಡತಿ: ಆ ಮಾರ್ಕಪ್ ಮೇಲೆ 18% ಜಿಎಸ್‌ಟಿ. ನೂರು ಯೂರೋ ಸಾಮಾನಿಗೆ 4.13 ಯೂರೋ ದಂಡ.

ಗಂಡ: ದೇಶದ ಖಜಾನೆಗೆ ಸೇವೆ ಅಂದ್ಕೋ. ಪಾಯಿಂಟ್ಸಲ್ಲಿ ಟೋಸ್ಟರ್ ತಗೊಳ್ಳಲಿಲ್ವಾ?

ಹೆಂಡತಿ: ತಗೊಂಡ್ರಿ. ಭಾರತದ ವಿಳಾಸಕ್ಕೆ ಮಾತ್ರ ಕಳಿಸ್ತಾರೆ. ಮೈಸೂರಲ್ಲಿ ಅತ್ತೆ ಅದರ ಮೇಲೆ ಹೂದಾನಿ ಇಟ್ಟಿದಾರೆ.

ಗಂಡ: (ಮೆಷಿನ್ ನೋಡಿ) ಅಬ್ಬಾ! ‘ರೂಪಾಯಿಯಲ್ಲೇ ಕೊಡ್ತೀರಾ?’ ಅಂತ ಕೇಳ್ತಿದೆ. ಎಂಥ ಮರ್ಯಾದೆ!

ಹೆಂಡತಿ: ಮರ್ಯಾದೆ ಅಲ್ರೀ, ಮೆಷಿನ್ ಕಡೆಯವರು ತಮ್ಮ ಲಾಭ ಸೇರಿಸಿ ಹೇಳೋ ದರ. ಆಮೇಲೆ ನಮ್ಮ ಬ್ಯಾಂಕೂ ಕೈಚಾಚಬಹುದು. ಒತ್ತಬೇಡಿ, ಒತ್ತ...

(ಒತ್ತಿಯಾಯಿತು.)

ಗಂಡ: ಪಕ್ಕದ ಬೇಕರಿಗೂ ಹೋಗೋಣ, ಪಾಯಿಂಟ್ಸ್...

ಹೆಂಡತಿ: ಅಲ್ಲಿ ನಗದು ಮಾತ್ರ.

ಓದುಗರೇ, ಪರದೇಶದ ಮೆಷಿನ್ ಕೇಳಿದರೆ ಅಲ್ಲಿನ ಕರೆನ್ಸಿಯನ್ನೇ ಒತ್ತಿ. ದೇಶಪ್ರೇಮವನ್ನು ಬೇರೆ ಕಡೆ ತೋರಿಸಬಹುದು.