ಹತ್ತೇ ನಿಮಿಷ, ಬೇಗ ಬನ್ನಿ

ಹೊಸಪೇಟೆಯಿಂದ ಹೊರಟ ನಮ್ಮ ಪ್ರವಾಸದ ಬಸ್ಸು ಹಂಪಿ ಮುಟ್ಟುವಷ್ಟರಲ್ಲಿ ಒಂದು ಚಿಕ್ಕ ಸಂಸ್ಥಾನವೇ ಆಗಿಬಿಟ್ಟಿತ್ತು. ದೊರೆ ನಮ್ಮ ಗೈಡು. ಅವರ ಬಾಯಿಂದ ‘ಹತ್ತೇ ನಿಮಿಷ’ ಎಂದು ಬಂದರೆ ಅದೇ ಶಾಸನ, ಕಲ್ಲಿನ ಮೇಲೆ ಕೆತ್ತಿಸಿರಲಿಲ್ಲ ಅಷ್ಟೆ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ತಿಂಗಳುಗಟ್ಟಲೆ ಇದೇ ಊರಲ್ಲಿದ್ದ. ಪೋರ್ಚುಗೀಸ್ ಪಾಯೆಸ್ ಮಹಾನವಮಿಯ ವೈಭವವನ್ನೆಲ್ಲ ಕಣ್ತುಂಬ ನೋಡಿ ಬರೆದಿಟ್ಟ. ಪುಣ್ಯವಂತರು, ಅವರಿಗೆ ಬಸ್ಸು ತಪ್ಪುವ ಭಯವಿರಲಿಲ್ಲ.

ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಸಣ್ಣ ಕಿಂಡಿಯಿಂದ ಬೆಳಕು ತೂರಿ ಬರುವುದರ ಚಮತ್ಕಾರ ಅದು. ನಮ್ಮವರೊಬ್ಬರು ಫೋಟೋ ತೆಗೆಯಲು ಕಿಂಡಿಗೇ ಅಡ್ಡ ನಿಂತರು. ಅಷ್ಟು ದೊಡ್ಡ ಗೋಪುರ ಮಾಯ!

ಆಮೇಲೆ ಸಾಸಿವೆಕಾಳು ಗಣಪ, ಅದರ ಬೆನ್ನಿಗೇ ಕಡಲೆಕಾಳು ಗಣಪ. ಕಡಲೆಕಾಳಿನವನು ಹದಿನೈದು ಅಡಿ ಎತ್ತರ. ಅಷ್ಟೆತ್ತರಕ್ಕೆ ಕತ್ತೆತ್ತಿ ನೋಡಿದ ಅಜ್ಜಿಯೊಬ್ಬರು ಗೈಡನ್ನು ಕೇಳಿದರು: “ಸಾಸಿವೆ ಆಯ್ತು, ಕಡಲೆ ಆಯ್ತು, ಅನ್ನ ಎಷ್ಟೊತ್ತಿಗಪ್ಪಾ?”

ನಮ್ಮ ಗುಂಪಿನಲ್ಲಿ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರ್ ಒಬ್ಬರಿದ್ದರು. ಉಗ್ರನರಸಿಂಹನ ಎದುರು ಎಲ್ಲರೂ ಕೈಮುಗಿದು ನಿಂತರೆ ಇವರು ಕಣ್ಣಲ್ಲೇ ಅಳತೆ ಹಾಕುತ್ತಿದ್ದರು. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ, ಅಲ್ಲೇ ಇದ್ದ ಒಂದೇ ಬಂಡೆಯಲ್ಲಿ ಕಡೆದದ್ದು ಎಂದು ಗೈಡು ಹೇಳಿದ್ದೇ ತಡ, “ಸಾಗಣೆ ಖರ್ಚು ಉಳೀತು ಬಿಡಿ” ಎಂದರು.

ರಾಜಾಂಗಣದಲ್ಲಿ ಅವರನ್ನು ಹಿಡಿಯುವುದೇ ಕಷ್ಟವಾಯಿತು. ಅರಮನೆಗಳ ಮೇಲ್ಭಾಗ ಮರದ್ದಾದ್ದರಿಂದ ಉಳಿದಿರುವುದು ಬರೀ ಕಲ್ಲಿನ ಅಧಿಷ್ಠಾನಗಳು. ಅವುಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ನೇರ ಹೋದದ್ದು ಮೆಟ್ಟಿಲು ಪುಷ್ಕರಣಿಗೆ. ಮಣ್ಣಿನಡಿ ಹುದುಗಿದ್ದ ಅದನ್ನು 1980ರ ದಶಕದಲ್ಲಿ ಅಗೆದು ತೆಗೆದರು. ಕಪ್ಪು ಕಲ್ಲಿನ ಮೆಟ್ಟಿಲುಗಳ ಮೇಲೆ ಈ ಕಲ್ಲು ಯಾವ ದಿಕ್ಕಿನದು, ಯಾವ ಸಾಲಿನದು ಎಂಬ ಗುರುತುಗಳಿವೆ. ಬೇರೆಲ್ಲೋ ಕಡೆದು ತಂದು ಇಲ್ಲಿ ಜೋಡಿಸಿದ ಲೆಕ್ಕ. ಪಕ್ಕದಲ್ಲೇ ಕಲ್ಲುಕಂಬಗಳ ಮೇಲೆ ಸಾಗಿದ ನೀರಿನ ದೋಣಿ. “ಇದು ಕೆಲಸ!” ಎಂದು ಅವರು ಅದರ ಅಂಚನ್ನು ಸವರಿದರು. ಗೈಡು ಯುದ್ಧದ ಕಥೆ ಹೇಳುತ್ತಲೇ ಇದ್ದರು. 1565ರಲ್ಲಿ ವಿಜಯನಗರ ಸೋತದ್ದು ಹೇಗೆ ಎಂಬುದಕ್ಕಿಂತ ಈ ಊರಿಗೆಲ್ಲ ನೀರುಣಿಸಿದ್ದು ಹೇಗೆ ಎಂಬುದೇ ದೊಡ್ಡ ಕಥೆ ಎಂದು ನನಗೂ ಅನ್ನಿಸಿತು.

ಅಜ್ಜಿಗೆ ಹಿಡಿಸಿದ್ದು ಭೋಜನಶಾಲೆ. ಕಾಲುವೆಯ ಎರಡೂ ದಡಕ್ಕೆ ಸಾಲಾಗಿ ಕಲ್ಲಿನ ತಟ್ಟೆಗಳು, ಒಂದೊಂದರಲ್ಲೂ ಪಲ್ಯ, ಕೋಸಂಬರಿಗೆ ಬೇರೆ ಬೇರೆ ಗುಳಿ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಒಂದರ ಮುಂದೆ ಕೂತೇಬಿಟ್ಟರು. “ಉಪ್ಪಿಗೆ ಜಾಗ ಎಲ್ಲಿ?” ಎಂದು ಗುಳಿಗಳನ್ನು ಬೆರಳಿಟ್ಟು ಎಣಿಸಿದರು. ಗೈಡಿನ ಹತ್ತು ನಿಮಿಷದ ಶಾಸನ ಮೊದಲ ಸಲ ಮುರಿದದ್ದು ಅಲ್ಲೇ.

ಊಟ ಮುಗಿಸಿ ವಿಠ್ಠಲ ದೇವಾಲಯಕ್ಕೆ ಹೋದರೆ ಕಲ್ಲಿನ ರಥದ ಮುಂದೆ ಎಲ್ಲರ ಕೈಯಲ್ಲೂ ಐವತ್ತರ ನೋಟು, ಸಾಕ್ಷಿ ಪರಿಶೀಲನೆ. ರಥವೆಂದರೂ ಅದು ಗರುಡನ ಗುಡಿ. 1856ರಲ್ಲಿ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಮೇಲೊಂದು ಇಟ್ಟಿಗೆಯ ಶಿಖರವೂ ಇದೆ. ಈಗ ಅದಿಲ್ಲ. ಮುಂದೆ ನಿಂತಿರುವ ಎರಡು ಗಿಡ್ಡ ಆನೆಗಳಿಗೂ ರಥಕ್ಕೂ ಅಳತೆ ಹೊಂದುವುದಿಲ್ಲ. ಬಗ್ಗಿ ನೋಡಿದರೆ ಅವುಗಳ ಹಿಂದೆ ಕುದುರೆಯ ಹಿಂಗಾಲು, ಬಾಲ ಮಾತ್ರ ಉಳಿದಿವೆ.

“ಹಾಗಾದ್ರೆ ಕುದುರೆಗಳು ಎಲ್ಲಿಗೆ ಹೋದ್ವು?” ಎಂದಳು ಒಬ್ಬ ಹುಡುಗಿ.

ಗೈಡು ಬಾಯಿ ತೆರೆಯುವ ಮೊದಲೇ ಇಂಜಿನಿಯರ್ ಸಾಹೇಬರು ಹೇಳಿದರು: “ವರ್ಗ ಆಗಿರ್ತವೆ ಮಗಳೇ. ಖಾಲಿ ಜಾಗಕ್ಕೆ ಆನೆಗಳನ್ನ ಡೆಪ್ಯುಟೇಷನ್ ಮೇಲೆ ಹಾಕಿದ್ದಾರೆ.”